ಕಾಡುಜೀವಿಗಳ ಆಸ್ಪತ್ರೆಗೆ ಊರಿನ ಹೆಗಲು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಜನರ ಮನೆಗಳ ನಡುವೆಯೇ. ಹಿತ್ತಿಲ ಹುಣಸೆ, ಬೀದಿ ಬದಿಯ ಅರಳಿ ಮರಗಳ ನೆತ್ತಿಯಲ್ಲಿ ಕಡ್ಡಿಯ ಗೂಡುಗಳು; ಒಂದೊಂದರಲ್ಲೂ ಎರಡು ಮೂರು ಮರಿ. ಗಾಳಿ ಬಿರುಸಾದರೆ, ಒಡಹುಟ್ಟಿದ ಮರಿಗಳ ನೂಕಾಟದಲ್ಲಿ ಕಾಲು ಜಾರಿದರೆ, ಒಂದು ಮರಿ ನೆಲಕ್ಕೆ ಬೀಳುತ್ತದೆ. ಬಿದ್ದ ಮರಿಗೆ ತಂದೆತಾಯಿ ಕೆಳಗಿಳಿದು ಬಂದು ಉಣಿಸುವುದಿಲ್ಲ. ಹಿಂದೆಲ್ಲ ಅಂಥ ಮರಿ ನಾಯಿಯ ಪಾಲೋ ನರಿಯ ಪಾಲೋ ಆಗುತ್ತಿತ್ತು.

1994ರ ನಂತರ ಆ ಮರಿಗಳಿಗೆ ಬೇರೊಂದು ದಾರಿ ತೆರೆಯಿತು. ಕೆ. ಮನು ಅವರ ಮುಂದಾಳತ್ವದಲ್ಲಿ ‘ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್’ ಸಂಸ್ಥೆ ಊರಿನವರ ಜೊತೆ ಕೆಲಸಕ್ಕಿಳಿಯಿತು. ಊರಿನವರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಬಿದ್ದ ಮರಿಯನ್ನು ಎತ್ತಿ ತರುವುದು, ಬೇಲಿ ಹಾಕಿದ ಆವರಣದಲ್ಲಿಟ್ಟು ಮೀನು ತಿನ್ನಿಸುವುದು, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವುದು ಬಳಗದ ಕೆಲಸವಾಯಿತು. ಅಲ್ಲಿ ಎಕ್ಸ್‌ರೇ ಯಂತ್ರವಿಲ್ಲ, ಶಸ್ತ್ರಚಿಕಿತ್ಸೆಯ ಕೋಣೆಯಿಲ್ಲ. ಆದರೂ ವನ್ಯಜೀವಿ ಪುನರ್ವಸತಿಯ ತಿರುಳೆಲ್ಲ ಆ ಬೇಲಿಯೊಳಗಿದೆ: ಅಪಾಯದಲ್ಲಿರುವ ಕಾಡುಜೀವಿಯನ್ನು ಸಕಾಲಕ್ಕೆ ಕಾಪಾಡಬೇಕು, ಬೇಕಾದಷ್ಟೇ ದಿನ ಸಾಕಬೇಕು, ಮತ್ತೆ ಅದರ ಪಾಡಿಗೆ ಬಿಟ್ಟುಕೊಡಬೇಕು.

ಬೆಳ್ಳೂರಿನವರು ಇದನ್ನು ಒಂದು ಯೋಜನೆಯೆಂದು ಶುರು ಮಾಡಿದವರಲ್ಲ. ಪ್ಲೇಗ್ ಬಂದಾಗ ಶಿಂಷಾ ನದಿಯ ದಡದಿಂದ ಊರು ಈಗಿನ ಜಾಗಕ್ಕೆ ಎದ್ದುಬಂತು, ಹಿಂದೆಯೇ ಹಕ್ಕಿಗಳೂ ಬಂದವು ಎಂಬ ಮಾತು ಹಿರಿಯರ ಬಾಯಲ್ಲಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿವರ್ಷ ಮರಿ ಮಾಡಲು ಬರುವುದನ್ನು ಊರಿನವರು ಮಗಳು ಬಾಣಂತನಕ್ಕೆ ತವರಿಗೆ ಬಂದದ್ದಕ್ಕೆ ಹೋಲಿಸುತ್ತಾರೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಆದರೆ ಗೂಡಿರುವ ಹುಣಸೆ ಮರದಲ್ಲಿ ಹಣ್ಣು ಬಡಿಯುವಂತಿಲ್ಲ. ಅದು ಮನೆಯ ಆದಾಯಕ್ಕೆ ನೇರ ಹೊಡೆತ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರಿನ ಹಕ್ಕಿಗಳ ಬಗ್ಗೆ ಬೆಳಕು ಚೆಲ್ಲಿದ ಬಳಿಕ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಇಂಥ ಕಡೆ ನೆಲ ಜನರದೇ ಆಗಿ ಉಳಿಯುತ್ತದೆ, ರಕ್ಷಣೆಯಲ್ಲೂ ಅವರಿಗೆ ಪಾಲಿರುತ್ತದೆ.

2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸಾಯತೊಡಗಿದಾಗ ಈ ಒಡನಾಟ ಎಷ್ಟು ಮುಖ್ಯವೆಂದು ಗೊತ್ತಾಯಿತು. ಮರಣೋತ್ತರ ಪರೀಕ್ಷೆಯಲ್ಲಿ ಹಕ್ಕಿಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕವು. ದಿನವೂ ಮರದಡಿ ಓಡಾಡುವ ಜನರಿದ್ದ ಕಡೆ ಸತ್ತ ಹಕ್ಕಿ ಯಾರ ಕಣ್ಣಿಗೂ ಬೀಳದೆ ಉಳಿಯುವುದಿಲ್ಲ. ಹಕ್ಕಿಗಳ ಕಾಯಿಲೆಯ ಮೊದಲ ಸುಳಿವು ವೈದ್ಯರಿಗೆ ಸಿಗುವುದು ಊರಿನವರ ಕಣ್ಣಿನಿಂದಲೇ.

ಅಲ್ಲಿಂದ ನೂರು ಕಿಲೋಮೀಟರಿನೊಳಗೆ, ಬೆಂಗಳೂರಿನ ಅಂಚಿನ ಕೆಂಗೇರಿಯಲ್ಲಿ, ಇದೇ ಕೆಲಸದ ನಗರದ ರೂಪವಿದೆ. ‘ಪೀಪಲ್ ಫಾರ್ ಅನಿಮಲ್ಸ್’ ಸಂಸ್ಥೆಯ ಬೆಂಗಳೂರು ಶಾಖೆ 1996ರಿಂದ ನಡೆಸುತ್ತಿರುವ ವನ್ಯಜೀವಿ ಆಸ್ಪತ್ರೆ ಅದು. ನಗರದಲ್ಲಿ ವನ್ಯಜೀವಿ ಎಲ್ಲಿದೆ ಎಂದು ಕೇಳುವವರಿಗೆ ಅಲ್ಲಿಗೆ ಬರುವ ರೋಗಿಗಳೇ ಉತ್ತರ. ಹದ್ದು, ಗೂಬೆ, ಕೋಗಿಲೆ, ಮಿಂಚುಳ್ಳಿ, ಅಳಿಲು, ಬಾವಲಿ, ಕೋತಿ, ಪುನುಗು ಬೆಕ್ಕು, ನಾಗರಹಾವು, ಕೆರೆಹಾವು, ಆಮೆ. ಆಗೊಮ್ಮೆ ಈಗೊಮ್ಮೆ ಕಾಡುಪಾಪ. ಇವೆಲ್ಲ ನಮ್ಮ ಬಡಾವಣೆಗಳಲ್ಲೇ ಬದುಕುವ ಜೀವಿಗಳು. ತಂತಿ ತಗಲುವವರೆಗೆ, ಕಾರಿಗೆ ಸಿಕ್ಕುವವರೆಗೆ ನಮ್ಮ ಕಣ್ಣಿಗೆ ಬೀಳದವು.

ಇಂಥ ಕೇಂದ್ರಗಳಿಗೆ ವರ್ಷವಿಡೀ ಒಂದೊಂದು ಕಾಲಕ್ಕೆ ಒಂದೊಂದು ಬಗೆಯ ಕಷ್ಟ ಬರುತ್ತದೆ. ಗಾಳಿಪಟದ ಕಾಲದಲ್ಲಿ ಮಾಂಜಾ ದಾರಕ್ಕೆ ರೆಕ್ಕೆ ಸೀಳಿದ ಹದ್ದುಗಳು. ಬೇಸಿಗೆಯಲ್ಲಿ ನೀರಿಲ್ಲದೆ ಬಸವಳಿದು ಬಿದ್ದ ಹಕ್ಕಿಗಳು, ಗೂಡಿನಿಂದ ಉದುರಿದ ಮರಿಗಳು. ಮುಂಗಾರು ಹಿಡಿದಾಗ ಬಿಲಕ್ಕೆ ನೀರು ನುಗ್ಗಿ ಮನೆಯಂಗಳಕ್ಕೆ ಬಂದ ಹಾವುಗಳು. ದೀಪಾವಳಿಯಲ್ಲಿ ಸುಟ್ಟಗಾಯದ, ದಿಕ್ಕೆಟ್ಟ ಹಕ್ಕಿಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮನುಷ್ಯ, ತಂದು ಒಪ್ಪಿಸುವವನೂ ಮನುಷ್ಯನೇ. ಆಟೊ ಚಾಲಕರು, ಕಾಲೇಜು ಹುಡುಗರು, ಅಪಾರ್ಟ್‌ಮೆಂಟಿನ ಕಾವಲುಗಾರರು, ವಾಯುವಿಹಾರಕ್ಕೆ ಹೊರಟ ಹಿರಿಯರು ರಟ್ಟಿನ ಡಬ್ಬ ಹಿಡಿದು ಬಾಗಿಲಿಗೆ ಬರದಿದ್ದರೆ ಎಂಥ ನಿಪುಣ ವೈದ್ಯರಿದ್ದೂ ಏನು ಮಾಡಿಯಾರು?

ಡಬ್ಬ ಒಳಗೆ ಹೋದ ಮೇಲಿನ ಕೆಲಸ ನಾಯಿ ಬೆಕ್ಕುಗಳ ಚಿಕಿತ್ಸೆಯಂತಲ್ಲ. ಸಾಕಿದ ನಾಯಿಗೆ ಮನುಷ್ಯನ ಕೈ ಧೈರ್ಯ ಕೊಡುತ್ತದೆ. ಕಾಡುಜೀವಿಗೆ ಮನುಷ್ಯನೆಂದರೆ ತಿನ್ನಲು ಬಂದ ಬೇಟೆಗಾರ. ಹಿಡಿದಾಗಿನ ಗಾಬರಿ, ಒದ್ದಾಟಗಳಿಂದಲೇ ಸ್ನಾಯುಗಳು ಹಾಳಾಗಿ, ಗಾಯ ಚಿಕ್ಕದಿದ್ದರೂ ಪ್ರಾಣ ಹೋಗುವುದುಂಟು; ಜಿಂಕೆಗಳಲ್ಲಿ ಇದು ಹೆಚ್ಚು. ಆದ್ದರಿಂದ ಮೊದಲ ಮದ್ದು ಕತ್ತಲೆ ಮತ್ತು ಮೌನ. ಮೈ ಬೆಚ್ಚಗಾಗಿ, ಒಣಗಿದ ದೇಹಕ್ಕೆ ನೀರಿನಂಶ ಸೇರಿ, ಉಸಿರು ನಿಧಾನಕ್ಕೆ ಬಂದ ಮೇಲೆ ಮೂಳೆಯ ಕಡೆ ಗಮನ. ಹದ್ದಿನ ರೆಕ್ಕೆಯ ಮೂಳೆ ಸೇರಿತು ಎಂದಾಕ್ಷಣ ಅದು ಗುಣವಾದಂತಲ್ಲ. ಮೂಳೆ ಸ್ವಲ್ಪ ಸೊಟ್ಟಗೆ ಕೂಡಿದರೂ ಎತ್ತರದಲ್ಲಿ ತೇಲಲು, ತಿರುಗಲು ಆಗದು. ಹಾರಲಾಗದ ಹದ್ದು ಹೊರಗೆ ಹೋದರೆ ಹಸಿವಿನಿಂದ ಸಾಯುತ್ತದೆ. ಅದಕ್ಕೇ ದೊಡ್ಡ ಪಂಜರದಲ್ಲಿ ವಾರಗಟ್ಟಲೆ ಹಾರಾಟದ ಅಭ್ಯಾಸ ನಡೆಯುತ್ತದೆ. ಮುರಿದ ಗರಿ ಇದ್ದರೆ, ಬೇರೆ ಹಕ್ಕಿ ಉದುರಿಸಿದ ಗರಿಯನ್ನು ಅದೇ ಜಾಗಕ್ಕೆ ಜೋಡಿಸಿ ಕೂಡಿಸುವ ಕುಶಲ ಕೆಲಸವೂ ಇದೆ.

ಅನಾಥ ಮರಿಗಳ ಕಷ್ಟ ಬೇರೆಯೇ. ಕಣ್ಣು ಬಿಡದ ಅಳಿಲ ಮರಿಗೆ ಕೆಲವೇ ಗಂಟೆಗಳಿಗೊಮ್ಮೆ ಉಣಿಸಬೇಕು. ಜೊತೆಗೆ ಉಣಿಸುವವರನ್ನೇ ಅದು ತಾಯಿಯೆಂದುಕೊಳ್ಳದಂತೆ ನೋಡಿಕೊಳ್ಳಬೇಕು. ಕೋತಿ ಮರಿಯೋ ಗೂಬೆ ಮರಿಯೋ ಮನುಷ್ಯನಿಗೆ ಹೊಂದಿಕೊಂಡುಬಿಟ್ಟರೆ ಬಿಟ್ಟ ಮೇಲೂ ಮನೆ ಬಾಗಿಲು ಹುಡುಕುತ್ತದೆ. ಅಲ್ಲಿ ಅದಕ್ಕೆ ಸಿಗುವುದು ಕಲ್ಲು ದೊಣ್ಣೆಯ ಏಟು. ಹಾಗಾಗಿ ಇಂಥ ಕೇಂದ್ರಗಳಲ್ಲಿ ಮರಿಗಳಿಗೆ ಹೆಸರಿಟ್ಟು ಮುದ್ದಾಡುವುದಿಲ್ಲ, ಸಂದರ್ಶಕರಿಗೆ ತೋರಿಸುವುದಿಲ್ಲ. ದೇಣಿಗೆ ಕೊಟ್ಟವರಿಗೂ ‘ಒಮ್ಮೆ ಎತ್ತಿಕೊಳ್ಳಬಹುದೇ’ ಎಂಬ ಆಸೆಗೆ ‘ಬೇಡ’ ಎಂದೇ ಹೇಳಬೇಕಾಗುತ್ತದೆ. ಈ ಮಾತನ್ನು ಬೇಸರವಿಲ್ಲದೆ ಒಪ್ಪುವುದೂ ಸಮುದಾಯ ಕೊಡಬಹುದಾದ ಬೆಂಬಲವೇ.

ಬೆಂಬಲವೆಂದರೆ ಚೆಕ್ಕು ಬರೆಯುವುದು ಎಂದುಕೊಳ್ಳುವವರು ಹೆಚ್ಚು. ಹಣ ಬೇಕೇ ಬೇಕು: ಮೀನು, ಮಾಂಸ, ಹಣ್ಣು, ಔಷಧ, ಆಂಬುಲೆನ್ಸಿನ ಡೀಸೆಲ್ಲು, ಸಿಬ್ಬಂದಿಯ ಸಂಬಳ ಯಾವುದೂ ನಿಲ್ಲುವಂತಿಲ್ಲ. ಆದರೆ ಎಷ್ಟೋ ಜೀವಗಳ ಅಳಿವು ಉಳಿವು ತೀರ್ಮಾನವಾಗುವುದು ಆಸ್ಪತ್ರೆ ತಲುಪುವ ಮೊದಲಿನ ಒಂದೆರಡು ಗಂಟೆಗಳಲ್ಲಿ. ಆ ಹೊತ್ತು ಪೂರ್ತಿ ಕಂಡವರ ಕೈಯಲ್ಲಿರುತ್ತದೆ.

ಕರುಣೆಯಿಂದಲೇ ಆಗುವ ಅನಾಹುತಗಳಿವೆ. ಸೋತ ಹಕ್ಕಿಯ ಕೊಕ್ಕು ಬಿಡಿಸಿ ನೀರು ಹುಯ್ದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಅಳಿಲ ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಿ ಸಾಯುತ್ತದೆ. ಹಾಲನ್ನದಲ್ಲೇ ಬೆಳೆದ ಮರಿಯ ಮೂಳೆಗೆ ಸುಣ್ಣದಂಶ ಸಾಲದೆ ಕಾಲು ಬಾಗುತ್ತದೆ. ಮಾಡಬೇಕಾದದ್ದು ಸರಳ: ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬ, ಒಳಗೊಂದು ಹಳೆಯ ಹತ್ತಿ ಬಟ್ಟೆ, ಮುಚ್ಚಳ ಹಾಕಿ ಗದ್ದಲವಿಲ್ಲದ ಮೂಲೆಯಲ್ಲಿ ಇಟ್ಟು ಕೂಡಲೇ ಫೋನು. ಫೋಟೊ ತೆಗೆಯಲು ಮತ್ತೆ ಮತ್ತೆ ಮುಚ್ಚಳ ತೆರೆಯಬಾರದು. ಬಾವಲಿ ಮತ್ತು ಕೋತಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಕಚ್ಚಿದರೆ, ಪರಚಿದರೆ ರೇಬಿಸ್ ಲಸಿಕೆಗೆ ಓಡಬೇಕಾಗುತ್ತದೆ. ಹಾವಾದರೆ ದೂರ ನಿಂತು, ಅದು ಎಲ್ಲಿ ಹೋಗುತ್ತದೆಂದು ಕಣ್ಣಿಟ್ಟು, ಬಲ್ಲವರನ್ನು ಕರೆಯಬೇಕು.

ಕೆಲವೊಮ್ಮೆ ಎತ್ತದೇ ಇರುವುದೇ ಸರಿ. ಮೈತುಂಬ ಗರಿ ಬಂದು, ನೆಲದ ಮೇಲೆ ಕುಪ್ಪಳಿಸುವ ಮರಿ ಹಾರಾಟ ಕಲಿಯುತ್ತಿರುತ್ತದೆ. ತಂದೆತಾಯಿ ಹತ್ತಿರದ ಕೊಂಬೆಯಲ್ಲೇ ಇದ್ದು ಗುಟುಕು ಕೊಡುತ್ತಿರುತ್ತವೆ. ಅದನ್ನು ‘ರಕ್ಷಿಸಿ’ ಒಯ್ದರೆ ಮರಿಯನ್ನು ಹೆತ್ತವರಿಂದ ಕದ್ದಂತೆಯೇ. ನಾಯಿ, ಬೆಕ್ಕು, ವಾಹನಗಳಿಂದ ಅದನ್ನು ಸ್ವಲ್ಪ ದೂರ, ಪೊದೆಯ ಮರೆಗೆ ಸರಿಸಿ, ದೂರದಿಂದ ಕಾದು ನೋಡಿದರೆ ಸಾಕು. ಗರಿಯಿಲ್ಲದ ಮರಿಯಾದರೆ, ಗೂಡು ಕೈಗೆಟುಕಿದರೆ, ಮರಳಿ ಗೂಡಿನಲ್ಲೇ ಇಡಬಹುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಕಾನೂನೂ ಒಂದು ಮಿತಿ ಹಾಕಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಾಯಗೊಂಡ ಕಾಡುಜೀವಿಯನ್ನು ಮನೆಯಲ್ಲೇ ಇಟ್ಟುಕೊಂಡು ಸಾಕುವಂತಿಲ್ಲ. ಅದೃಷ್ಟಕ್ಕೆಂದು ಮನೆಯಲ್ಲಿಡುವ ನಕ್ಷತ್ರ ಆಮೆ, ಪಂಜರದ ಗಿಳಿ ಎರಡೂ ಈ ಕಾಯ್ದೆಯ ರಕ್ಷಣೆಯಲ್ಲಿವೆ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿದರೆ ಇಲಾಖೆಗೆ ಸುದ್ದಿ ಮುಟ್ಟುತ್ತದೆ. ಪುನರ್ವಸತಿ ಕೇಂದ್ರಗಳೂ ಕೆಲಸ ಮಾಡುವುದು ಇಲಾಖೆಯ ಅನುಮತಿಯಲ್ಲೇ.

ಜನರ ಬೆಂಬಲ ಹೇಗೆ ಬೆಳೆಯುತ್ತದೆಂಬುದಕ್ಕೆ ದೆಹಲಿಯ ಇಬ್ಬರು ಸೋದರರ ಕಥೆ ಒಳ್ಳೆಯ ನಿದರ್ಶನ. ನದೀಮ್ ಶೆಹಜಾದ್ ಮತ್ತು ಮೊಹಮ್ಮದ್ ಸೌದ್ ಹುಡುಗರಾಗಿದ್ದಾಗ ಗಾಯಗೊಂಡ ಹದ್ದೊಂದನ್ನು ಹಳೆ ದೆಹಲಿಯ ಹಕ್ಕಿಗಳ ಆಸ್ಪತ್ರೆಗೆ ಒಯ್ದರು. ಮಾಂಸಾಹಾರಿ ಹಕ್ಕಿಯೆಂಬ ಕಾರಣಕ್ಕೆ ಅಲ್ಲಿ ಅದಕ್ಕೆ ಆಶ್ರಯ ಸಿಗಲಿಲ್ಲ. ಮುಂದೆ ಸೋಪ್ ಡಿಸ್ಪೆನ್ಸರ್ ತಯಾರಿಸುವ ಸಣ್ಣ ಉದ್ಯಮ ನಡೆಸುತ್ತಲೇ, ವಜೀರಾಬಾದಿನ ಮನೆಯ ನೆಲಮಾಳಿಗೆಯಲ್ಲಿ ಹದ್ದುಗಳಿಗೆ ಚಿಕಿತ್ಸೆ ಕೊಡಲು ತೊಡಗಿದರು. ಮಾಂಜಾಕ್ಕೆ ಸಿಕ್ಕಿದ ಹದ್ದುಗಳು ಡಬ್ಬ ಡಬ್ಬಗಳಲ್ಲಿ ಬರತೊಡಗಿದವು. ಕೈಯಲ್ಲಿ ಹಣವಿರಲಿಲ್ಲ, ವಿದೇಶಿ ದೇಣಿಗೆ ಪಡೆಯಲು ಪರವಾನಗಿಗೆ ಅಲೆದಾಟ, ಮಾಂಸ ಅರೆಯುವ ಯಂತ್ರಕ್ಕೂ ಪರದಾಟ. ಶೌನಕ್ ಸೇನ್ ಇವರ ಬದುಕನ್ನು ‘ಆಲ್ ದಟ್ ಬ್ರೀದ್ಸ್’ ಎಂಬ ಸಾಕ್ಷ್ಯಚಿತ್ರವಾಗಿಸಿದರು. 2022ರಲ್ಲಿ ಅದು ಸನ್‌ಡಾನ್ಸ್ ಚಿತ್ರೋತ್ಸವದಲ್ಲಿಯೂ ಕಾನ್‌ನಲ್ಲಿಯೂ ಪ್ರಶಸ್ತಿ ಪಡೆಯಿತು, ಮರುವರ್ಷ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಜಗತ್ತಿಗೆ ಅವರ ಪರಿಚಯವಾದದ್ದು ಆಗ. ಅದಕ್ಕೆ ಎಷ್ಟೋ ವರ್ಷ ಮೊದಲೇ ದೆಹಲಿಯ ಗಲ್ಲಿಗಳ ಜನ ಬಿದ್ದ ಹದ್ದನ್ನು ಎತ್ತಿ ಅವರ ಬಾಗಿಲಿಗೆ ತರುತ್ತಿದ್ದರು.

ಮಾಂಜಾದ ವಿಷಯದಲ್ಲಿ ಗುಜರಾತ್ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಅಲ್ಲಿ ಉತ್ತರಾಯಣವೆಂದರೆ ಗಾಳಿಪಟದ ಹಬ್ಬ. ಗಾಯಗೊಳ್ಳುವ ಹಕ್ಕಿಗಳಿಗಾಗಿ ಪ್ರತಿ ಜನವರಿಯಲ್ಲಿ ಸರ್ಕಾರ, ಪಶುವೈದ್ಯರು, ಸ್ವಯಂಸೇವಾ ಸಂಸ್ಥೆಗಳು ಸೇರಿ ‘ಕರುಣಾ ಅಭಿಯಾನ’ ನಡೆಸುತ್ತಾರೆ. ಊರೂರಲ್ಲಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರಗಳು ತೆರೆಯುತ್ತವೆ. ನೈಲಾನ್ ಮತ್ತು ಕೃತಕ ನೂಲಿನ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಅದು ಮಾರಾಟವಾಗುತ್ತಿದೆ, ಹದ್ದುಗಳು ಆಸ್ಪತ್ರೆಗೆ ಬರುತ್ತಲೇ ಇವೆ. ಅಂಗಡಿಯಲ್ಲಿ ಹತ್ತಿಯ ದಾರವನ್ನೇ ಕೇಳಿ ಕೊಳ್ಳುವ ತಂದೆತಾಯಿಗಳು ಈ ನಿಷೇಧಕ್ಕೆ ಬಲ ತುಂಬಬಲ್ಲರು.

ಎಲ್ಲ ರೋಗಿಗಳೂ ಮರಳಿ ಹೋಗುವುದಿಲ್ಲ. ಬನ್ನೇರುಘಟ್ಟದಲ್ಲಿ ‘ವೈಲ್ಡ್‌ಲೈಫ್ ಎಸ್‌ಒಎಸ್’ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ನಡೆಸುವ ಕರಡಿ ಪುನರ್ವಸತಿ ಕೇಂದ್ರಕ್ಕೆ ಬಂದವು ಬೀದಿಯಲ್ಲಿ ಕುಣಿದ ಕರಡಿಗಳು. ಮರಿಯಾಗಿದ್ದಾಗಲೇ ತಾಯಿಯಿಂದ ಕಿತ್ತು ತಂದು, ಕಾದ ಸಲಾಕೆಯಿಂದ ಮೂಗು ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದು ಪಳಗಿಸಿದ ಜೀವಗಳು ಅವು. ಕಾಡಿನಲ್ಲಿ ಗೆದ್ದಲು ಹುತ್ತ ಅಗೆದು ಬದುಕುವುದು ಅವಕ್ಕೆ ಗೊತ್ತಿಲ್ಲ. ಕೊನೆಯ ಉಸಿರಿನವರೆಗೂ ಗಂಜಿ, ಹಣ್ಣು, ಜೇನು, ಔಷಧ ಕೊಟ್ಟು ನೋಡಿಕೊಳ್ಳಬೇಕು. ಹಕ್ಕಿಯ ಖರ್ಚು ಕೆಲವು ವಾರಗಳದು, ಕರಡಿಯ ಖರ್ಚು ದಶಕಗಳದು. ತಿಂಗಳಿಗಿಷ್ಟೆಂದು ತಪ್ಪದೆ ಬರುವ ಸಣ್ಣ ದೇಣಿಗೆಗಳ ಬೆಲೆ ಇಲ್ಲಿ ತಿಳಿಯುತ್ತದೆ. 2021ರ ಲಾಕ್‌ಡೌನಿನಲ್ಲಿ ಟಿಕೆಟ್ಟಿನ ಆದಾಯ ನಿಂತುಹೋದಾಗ ಮೈಸೂರು ಮೃಗಾಲಯಕ್ಕೂ ಪ್ರಾಣಿಗಳನ್ನು ದತ್ತು ಪಡೆದ ಸಾಮಾನ್ಯ ಜನರೇ ಆಸರೆಯಾಗಿದ್ದರು.

ಕರಡಿಗಳ ಬಿಡುಗಡೆಯ ಕಥೆಯಲ್ಲಿ ಇನ್ನೂ ಮುಖ್ಯವಾದ ಪಾಲು ಕಲಂದರ್ ಜನರದು. ತಲೆತಲಾಂತರದಿಂದ ಕರಡಿ ಕುಣಿಸಿ ಹೊಟ್ಟೆ ಹೊರೆದವರು ಅವರು. ಕಾಯ್ದೆಯ ಬಲದಿಂದ ಕರಡಿಯನ್ನು ಕಸಿದುಕೊಂಡು ಸುಮ್ಮನಾಗಿದ್ದರೆ, ಮರುವರ್ಷ ಕಾಡಿನಿಂದ ಇನ್ನೊಂದು ಮರಿ ಕದ್ದು ತರುವುದು ನಿಲ್ಲುತ್ತಿರಲಿಲ್ಲ. ಕರಡಿ ಒಪ್ಪಿಸಿದ ಕುಟುಂಬಕ್ಕೆ ಬೇರೆ ಉದ್ಯೋಗ ಹಿಡಿಯಲು ಬಂಡವಾಳ, ಹೆಣ್ಣುಮಕ್ಕಳಿಗೆ ಕಸುಬಿನ ತರಬೇತಿ, ಮಕ್ಕಳ ಓದಿಗೆ ನೆರವು ಸಿಕ್ಕಿತು. ದೇಶದಾದ್ಯಂತ 600ಕ್ಕೂ ಹೆಚ್ಚು ಕರಡಿಗಳು ಹಗ್ಗದಿಂದ ಬಿಡುಗಡೆ ಪಡೆದವು. 2009ರ ಡಿಸೆಂಬರಿನಲ್ಲಿ ಕುಣಿಯುವ ಕರಡಿಗಳಲ್ಲಿ ಕೊನೆಯದೆನ್ನಲಾದ ‘ರಾಜು’ ಬಂದು ಸೇರಿದ್ದು ನಮ್ಮ ಬನ್ನೇರುಘಟ್ಟವನ್ನೇ.

ಮರಳಿ ಕಾಡಿಗೆ ಬಿಡುವಾಗಲೂ ಸುತ್ತಲಿನ ಜನರ ಒಪ್ಪಿಗೆ ಬೇಕು. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ಬಂದವು. ಕಳ್ಳಸಾಗಣೆಗೆ ಸಿಕ್ಕಿ ದೇಶ ಬಿಟ್ಟಿದ್ದ ಅವುಗಳನ್ನು ಅಲ್ಲಿನ ‘ಏಕರ್ಸ್’ ಸಂಸ್ಥೆ ಕಾಪಾಡಿ ಕಳುಹಿಸಿತ್ತು. ಬಂದ ಆಮೆಯನ್ನು ಆ ಕ್ಷಣವೇ ಹೊಲದ ಬದುವಿಗೆ ಬಿಡುವಂತಿಲ್ಲ. ಹೊರಗಿನ ರೋಗ ಇಲ್ಲಿನವಕ್ಕೆ ಅಂಟಬಾರದು, ಇಲ್ಲಿನ ಹವೆ, ಇಲ್ಲಿನ ಹುಲ್ಲು ಅವಕ್ಕೆ ಒಗ್ಗಬೇಕು. ಇಷ್ಟೆಲ್ಲ ಮಾಡಿ ಬಿಟ್ಟ ಆಮೆ ಸುತ್ತಲಿನ ಹಳ್ಳಿಗರ ಕೈಗೆ ಸಿಕ್ಕಿ ಮತ್ತೆ ಮಾರಾಟಕ್ಕೆ ಹೋದರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ಅಸ್ಸಾಮಿನ ಕಾಜಿರಂಗದ ಬಳಿ 2002ರಲ್ಲಿ ಅರಣ್ಯ ಇಲಾಖೆ ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ ಕಟ್ಟಿದ ಪುನರ್ವಸತಿ ಕೇಂದ್ರ ಈ ದೀರ್ಘ ದಾರಿಯನ್ನು ಪೂರ್ತಿ ನಡೆದು ತೋರಿಸಿದೆ. ಬ್ರಹ್ಮಪುತ್ರೆ ಉಕ್ಕಿದಾಗ ತಾಯಿಯಿಂದ ಬೇರ್ಪಟ್ಟ ಘೇಂಡಾಮೃಗದ ಕರುಗಳು, ಜಿಂಕೆ ಮರಿಗಳು ತೇಲುತ್ತ ಹಳ್ಳಿಗಳ ಅಂಚಿಗೆ ಬರುತ್ತವೆ. ತಮ್ಮ ಮನೆಗಳೇ ಮುಳುಗಿರುವ ಹೊತ್ತಿನಲ್ಲೂ ಹಳ್ಳಿಗರು ಸುದ್ದಿ ಮುಟ್ಟಿಸುತ್ತಾರೆ, ಹಿಡಿದು ತರಲು ನೆರವಾಗುತ್ತಾರೆ. ಬಾಟಲಿ ಹಾಲಿನಲ್ಲಿ ಬೆಳೆದ ಘೇಂಡಾಮೃಗಗಳನ್ನು 2006ರಿಂದ ಮಾನಸ ರಾಷ್ಟ್ರೀಯ ಉದ್ಯಾನಕ್ಕೆ ಒಯ್ದು, ಬೇಲಿಯೊಳಗೆ ರೂಢಿ ಮಾಡಿಸಿ, ಆಮೇಲೆ ಬಿಡಲಾಯಿತು. ವರ್ಷಗಳ ಗಲಭೆ ಮತ್ತು ಕಳ್ಳಬೇಟೆಯಲ್ಲಿ ಮಾನಸ ತನ್ನ ಘೇಂಡಾಮೃಗಗಳನ್ನೆಲ್ಲ ಕಳೆದುಕೊಂಡಿತ್ತು. 2013ರಲ್ಲಿ, ಹೀಗೆ ಕೈತುತ್ತು ತಿಂದು ಬೆಳೆದ ಹೆಣ್ಣು ಘೇಂಡಾಮೃಗಗಳು ಆ ಕಾಡಿನಲ್ಲಿ ಮರಿ ಹಾಕಿದವು.

ಬೆಂಗಳೂರಿನಂಥ ಊರಿನ ಬಡಾವಣೆಗಳಿಗೆ ಇಷ್ಟು ದೊಡ್ಡ ಹೊರೆ ಇಲ್ಲ. ಅವು ಮಾಡಬಹುದಾದ ಕೆಲಸ ತೀರ ಸಣ್ಣದು, ಕೈಯಳತೆಯದು. ನಿವಾಸಿಗಳ ಸಂಘದ ಕಚೇರಿಯಲ್ಲಿ ಒಂದೆರಡು ರಟ್ಟಿನ ಡಬ್ಬ, ದಪ್ಪ ಕೈಗವಸು, ಗೋಡೆಯ ಮೇಲೆ ಸಹಾಯವಾಣಿಯ ಸಂಖ್ಯೆ ಇರಲಿ. ಗಾಯಗೊಂಡ ಜೀವಿಯನ್ನು ಕೆಂಗೇರಿಯವರೆಗೆ ಒಯ್ಯಲು ಸಿದ್ಧರಿರುವ ನಾಲ್ಕಾರು ಜನರ ಪಟ್ಟಿ ಕಾವಲುಗಾರನ ಬಳಿ ಇರಲಿ. ಊರಿನಾಚೆಯ ಒಂದು ಕೇಂದ್ರದ ಬೆರಳೆಣಿಕೆಯ ವಾಹನಗಳು ಇಡೀ ನಗರದ ಸಂಚಾರದಟ್ಟಣೆಯಲ್ಲಿ ಎಲ್ಲ ಕಡೆ ಓಡಲಾರವು. ರಾತ್ರಿ ತಾರಸಿಯ ಮೇಲೆ ಓಡಾಡುವ ಪುನುಗು ಬೆಕ್ಕು ಮಗುವನ್ನು ಹೊತ್ತೊಯ್ಯುವ ಮೃಗವಲ್ಲ, ಅದು ಹಣ್ಣು, ಇಲಿ ತಿಂದು ಬದುಕುತ್ತದೆ ಎಂದು ನೆರೆಯವರಿಗೆ ತಿಳಿಸಿದರೆ, ಬೋನಿಟ್ಟು ಹಿಡಿಸುವ ಒತ್ತಾಯ ತಪ್ಪುತ್ತದೆ. ಗುಣವಾದ ಗೂಬೆಯನ್ನು ಅದು ಸಿಕ್ಕಿದ ಜಾಗದಲ್ಲೇ ಬಿಡುವುದು ಒಳ್ಳೆಯದು, ಅದರ ಪೊಟರೆ, ಅದರ ಜೊತೆಗಾರ ಅಲ್ಲೇ ಇರುತ್ತವೆ. ಅಪಶಕುನವೆಂದು ಬೀದಿಯವರು ತಡೆದರೆ ಆ ಬಿಡುಗಡೆ ಅಲ್ಲೇ ನಿಂತುಹೋಗುತ್ತದೆ.

ಎಲ್ಲಕ್ಕಿಂತ ಸುಲಭದ್ದು ಮರಗಳ ವಿಷಯ. ತಂತಿಗೆ ತಾಗುವ ಕೊಂಬೆಗಳನ್ನು ಮಳೆಗಾಲಕ್ಕೆ ಮೊದಲು ಸವರುವುದು ನಗರದ ವಾಡಿಕೆ. ಬಹಳಷ್ಟು ಹಕ್ಕಿಗಳು ಗೂಡಿನಲ್ಲಿ ಮರಿ ಇಟ್ಟುಕೊಂಡಿರುವ ಹೊತ್ತೂ ಅದೇ. ಕೊಡಲಿ ಬೀಳುವ ಮುನ್ನ ಯಾರಾದರೂ ಒಬ್ಬರು ಮೇಲೆ ನೋಡಿ, ಗೂಡಿರುವ ಕೊಂಬೆಯನ್ನು ಗುರುತಿಸಿ, ಕೆಲವು ವಾರ ಬಿಟ್ಟು ಬನ್ನಿ ಎಂದು ಕೆಲಸದವರಿಗೆ ಹೇಳಿದರೆ ಅಷ್ಟು ಮರಿಗಳು ಆಸ್ಪತ್ರೆಯ ಮುಖ ನೋಡದೆಯೇ ಹಾರಿಹೋಗುತ್ತವೆ. ಬೇಸಿಗೆಯಲ್ಲಿ ತುಂಬಿ ತುಳುಕುವ ಮರಿಗಳ ಕೋಣೆಯಲ್ಲಿ ಹಗಲೂ ರಾತ್ರಿ ಗುಟುಕು ಕೊಡುವ ಸಿಬ್ಬಂದಿಗೆ ಬಡಾವಣೆಯೊಂದು ಕೊಡಬಹುದಾದ ದೊಡ್ಡ ನೆರವು ಇದು. ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.